ಲಗೇಜಿಗೆ ಬೇರೆ

ಆಟೋದವನು ನನ್ನ ಮುಖ ನೋಡಲಿಲ್ಲ. ಕಾಲ ಬುಡದಲ್ಲಿದ್ದ ಚೀಲ ನೋಡಿದ. ತುಮಕೂರು ಬಸ್ ಸ್ಟ್ಯಾಂಡಿನ ಹೊರಗೆ ನಿಂತು, ಎಸ್‌ಐಟಿ ಕಾಲೇಜ್ ಹತ್ತಿರ ಬರ್ತೀರಾ ಅಂತ ಕೇಳಿದ್ದು ನಾನು. ಅವನು ಉತ್ತರ ಕೊಟ್ಟಿದ್ದು ಚೀಲಕ್ಕೆ. "ಬ್ಯಾಟರಿ ಗಾಡಿ ಸಾರ್. ತೂಕ ಜಾಸ್ತಿ ಆದ್ರೆ ಚಾರ್ಜ್ ಇಳಿದುಹೋಗುತ್ತೆ. ಲಗೇಜಿಗೆ ಬೇರೆ ಆಗುತ್ತೆ."

ಪೆಟ್ರೋಲ್ ಆಟೋ ಕಾಲದಲ್ಲೂ ಲಗೇಜಿಗೆ ಬೇರೆ ಆಗುತ್ತಿತ್ತು. ಗ್ಯಾಸ್ ಆಟೋ ಬಂದಾಗಲೂ ಆಯಿತು. ಈಗ ಕಾರಣ ಮಾತ್ರ ಹೊಸದು. ಭಾರ ಹೆಚ್ಚಿದರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ ಅನ್ನೋದೇನೂ ಸುಳ್ಳಲ್ಲ. ಆದರೆ ನಮ್ಮ ಭಾವಮೈದ ಕೈಬೀಸಿಕೊಂಡು ಬಂದು ಇಡೀ ಸೀಟು ತುಂಬಿ ಕೂತರೆ ಯಾವ ಡ್ರೈವರೂ ಚಾರ್ಜಿನ ಮಾತು ಎತ್ತುವುದಿಲ್ಲ. ನಾನೂ ನನ್ನ ಚೀಲವೂ ಸೇರಿದರೂ ಅವನಷ್ಟು ತೂಗುವುದಿಲ್ಲ. ಮಾಂಸ ಯಾವುದು, ತೆಂಗಿನಕಾಯಿ ಯಾವುದು ಅಂತ ಬ್ಯಾಟರಿಗೆ ಗೊತ್ತಾಗುತ್ತಾ?

ಸರ್ಕಾರಕ್ಕೆ ಗೊತ್ತಾಗುತ್ತದೆ. 2014ರಲ್ಲಿ ಕೇಂದ್ರ ಸರ್ಕಾರ ಇ-ರಿಕ್ಷಾಗಳಿಗೆ ನಿಯಮ ಮಾಡಿತು. ಜನರನ್ನು ಕೂರಿಸಿಕೊಳ್ಳುವ ಗಾಡಿಯಾದರೆ ಡ್ರೈವರ್ ಬಿಟ್ಟು 4 ಜನ, ಅವರೆಲ್ಲರದ್ದೂ ಸೇರಿ 40 ಕೆಜಿ ಲಗೇಜು. ಸಾಮಾನು ಸಾಗಿಸುವ ಇ-ಕಾರ್ಟ್ ಆದರೆ 310 ಕೆಜಿ. ಎರಡರ ವೇಗವೂ ಗಂಟೆಗೆ 25 ಕಿಲೋಮೀಟರ್ ದಾಟಬಾರದು. ದೊಡ್ಡ ಎಲೆಕ್ಟ್ರಿಕ್ ಆಟೋಗಳ ಲೆಕ್ಕ ಬೇರೆ, ಅದು ಇರಲಿ. ಆಮೇಲೆ 2018ರಲ್ಲಿ ಬ್ಯಾಟರಿ ಗಾಡಿಗಳಿಗೆ ಪರ್ಮಿಟ್ಟಿನಿಂದಲೂ ವಿನಾಯಿತಿ ಸಿಕ್ಕಿತು. ಹಸಿರು ಬೋರ್ಡು, ಹಳದಿ ಅಕ್ಷರ, ಓಡಿಸಿಕೊಂಡು ಹೋಗುವುದಷ್ಟೇ. ಗಾಡಿಗೇ ಪರ್ಮಿಟ್ ಬೇಡವಂತೆ. ನನ್ನ ಚೀಲಕ್ಕೆ ಮಾತ್ರ ಬೇಕು.

ನಾಲ್ವರಿಗೆ 40 ಕೆಜಿ ಅಂದರೆ ತಲೆಗೆ ಹತ್ತು. ಇದನ್ನು ಬರೆದವರು ಗುಬ್ಬಿ ಕಡೆಯ ಬಸ್ಸಿಂದ ಇಳಿಯುವವರನ್ನು ಒಂದು ಸಲವೂ ನಿಂತು ನೋಡಿಲ್ಲ. ತವರಿಂದ ಬರುವ ಹೆಣ್ಣುಮಕ್ಕಳ ಕೈಲಿ ರಾಗಿ ಹಿಟ್ಟು, ಕಂಕುಳಲ್ಲಿ ಕುಂಬಳಕಾಯಿ, ತಲೆ ಮೇಲೆ ಇನ್ನೇನೋ ಗಂಟು. 25 ಕೆಜಿ ಅಕ್ಕಿ ಮೂಟೆ ಒಂದು ಹಾಕಿದರೆ ಉಳಿದ ಮೂರು ಜನ ಹದಿನೈದು ಕೆಜಿಯಲ್ಲಿ ಹೊಂದಿಸಿಕೊಳ್ಳಬೇಕು. ನಮ್ಮ ಕಡೆ ಜನ ಬೇರೆ, ಸಾಮಾನು ಬೇರೆ ಅಲ್ಲ. ಸಾಮಾನು ಹೋಗಬೇಕು, ಅದಕ್ಕೇ ಜನ ಹೋಗ್ತಾರೆ. ಇದರಲ್ಲಿ ಏನೋ ದೊಡ್ಡ ಅರ್ಥ ಇದೆ ಅಂತ ನನಗೆ ಬಲವಾಗಿ ಅನಿಸಿದೆ. ಅದಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ದೊಡ್ಡಮ್ಮನ ಹಲಸಿನ ವಿಷಯ ಹೇಳಿಬಿಡಬೇಕು.

ದೊಡ್ಡಮ್ಮನ ಊರು ಗುಬ್ಬಿ ತಾಲ್ಲೂಕಿನ ಚೇಳೂರಿನ ಮಗ್ಗುಲು. ಚೇಳೂರು ಅಂದರೆ ಹಲಸು ಬಲ್ಲವರಿಗೆ ಗೊತ್ತು, 'ಸಿದ್ದು' ಹಲಸಿನ ಊರು. ತೊಳೆ ತಾಮ್ರದ ಹಾಗೆ ಕೆಂಪು. ಒಬ್ಬ ರೈತರ ತೋಟದ ಮರ ಅದು. ಹಿರೇಹಳ್ಳಿ ಸಂಶೋಧನಾ ಕೇಂದ್ರದವರು ಅದನ್ನು ಗುರುತಿಸಿ, ಕಸಿ ಮಾಡಿ ಸಸಿ ಹಂಚುವ ಮಟ್ಟಕ್ಕೆ ಬೆಳೆಸಿದರು. ಅದರ ದೊಡ್ಡ ಗುಣ ಏನಂದರೆ ಹಣ್ಣು ಸಣ್ಣದು, ಎರಡೂವರೆ ಕೆಜಿ ಆಸುಪಾಸು. ಒಂದೇ ಕೈಲಿ ಹಿಡ್ಕೊಂಡು ಬರಬಹುದು. ಯಾವ ಆಟೋದವನೂ ಕಣ್ಣು ಹಾಕುವುದಿಲ್ಲ.

ದೊಡ್ಡಮ್ಮನಿಗೆ ಸಿದ್ದು ಕಂಡರೆ ತಾತ್ಸಾರ. "ಅದೂ ಒಂದು ಹಲಸಿನಹಣ್ಣೇನೋ, ಮನೇಲಿ ನಾಲ್ಕು ಜನಕ್ಕೆ ಒಂದೊಂದು ಸುತ್ತು ಬರಲ್ಲ" ಅನ್ನುತ್ತಾಳೆ. ಅವಳು ತರುವುದು ಬದುವಿನ ಹಳೇ ಮರದ್ದು. ಹೆಗಲ ಮೇಲೆ ಎತ್ತಿಕೊಳ್ಳಲು ಇನ್ನೊಬ್ಬರು ಕೈ ಹಾಕಬೇಕು. ಮೊದಲೆಲ್ಲ ವರ್ಷಕ್ಕೊಂದು ಸಲ ಬರುತ್ತಿದ್ದಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂತು ನೋಡಿ, ಹೆಂಗಸರಿಗೆ ಬಸ್ಸು ಪುಕ್ಕಟೆ. ಅಲ್ಲಿಂದಾಚೆಗೆ ಹಲಸಿನ ಕಾಲ ಪೂರ್ತಿ ನಮ್ಮನೆಯಲ್ಲಿ ಹಲಸು.

ಆವತ್ತು ಯೂರಿಯಾ ಚೀಲದಲ್ಲಿ ಸುತ್ತಿದ್ದ ಹಣ್ಣನ್ನು ಇಬ್ಬರೂ ಸೇರಿ ಬಸ್ಸಿಂದ ಇಳಿಸಿದೆವು. ಬ್ಯಾಟರಿ ಆಟೋ ಬಂತು. ಸದ್ದಿಲ್ಲ, ಹಿಂದಿನಿಂದ ಬಂದು ಮೊಣಕಾಲಿಗೆ ತಾಗಿದ ಮೇಲೆಯೇ ಗೊತ್ತಾಗಿದ್ದು. ಸೀಟಿನ ಕೆಳಗೆ ತಳ್ಳೋಣ ಅಂದರೆ ಅಲ್ಲಿ ಬ್ಯಾಟರಿಗಳ ಸಂಸಾರ. ಕಾಲ ಹತ್ತಿರ ಇಟ್ಟರೆ ನಮ್ಮ ಕಾಲಿಗೆ ಜಾಗವಿಲ್ಲ. ಕೊನೆಗೆ ಎದುರು ಸೀಟಿನ ಮೇಲೇ ಕೂರಿಸಿದೆವು. ನಾನು, ದೊಡ್ಡಮ್ಮ ಒಂದು ಕಡೆ. ಅದು ಇನ್ನೊಂದು ಕಡೆ, ನಮ್ಮ ಕಡೆಗೇ ಮುಖ ಮಾಡಿಕೊಂಡು. ಹಂಪ್ ಬಂದಾಗಲೆಲ್ಲ ದೊಡ್ಡಮ್ಮ ಕಾಲು ಚಾಚಿ ಅದನ್ನು ತಡೆಯುತ್ತಿದ್ದಳು.

ಮನೆ ಮುಂದೆ ಇಳಿದಾಗ ನೋಡಿದರೆ ಚೀಲದ ಬಾಯಿಂದ ಮೇಣ ಸೋರಿ ಸೀಟಿನ ರೆಕ್ಸಿನ್ನಿಗೆ ಅಂಟಿಕೊಂಡಿದೆ. ಡ್ರೈವರ್ ಅದನ್ನು ಬೆರಳಲ್ಲಿ ಮುಟ್ಟಿದ. ಬೆರಳು ಬಿಡಿಸಿಕೊಳ್ಳಲು ಪ್ಯಾಂಟಿಗೆ ಒರೆಸಿದ. ಈಗ ಪ್ಯಾಂಟೂ ಹೋಯಿತು. "ನೂರ ಐವತ್ತು ಕೊಡಿ ಸಾರ್, ಸೀಟು ಹಾಳಾಯ್ತು" ಅಂದ. ದೊಡ್ಡಮ್ಮ ಕೆಂಡವಾದಳು. "ಚೇಳೂರಿಂದ ಇಲ್ಲಿಗಂಟ ಒಂದು ಪೈಸೆ ಕೊಟ್ಟಿಲ್ಲ ನಾನು. ಇಲ್ಲಿಂದ ಇಲ್ಲಿಗೆ ನೂರೈವತ್ತಾ? ಲೇ, ಒಳಗಿಂದ ಕೊಬ್ಬರಿ ಎಣ್ಣೆ ತಗಂಬಾರೋ." ಬಟ್ಟಲಲ್ಲಿ ಎಣ್ಣೆ ಬಂತು. ಅವಳು ಆಟೋ ಒಳಗೆ ಕೂತು ಹಳೇ ಬನೀನು ತುಂಡಿನಲ್ಲಿ ರೆಕ್ಸಿನ್ ಉಜ್ಜಿದಳು. ಡ್ರೈವರನ ಕೈಗೂ ಎಣ್ಣೆ, ಪ್ಯಾಂಟಿಗೂ ಎಣ್ಣೆ. ಬೀದಿಯ ಜನವೆಲ್ಲ ಗೇಟಿಗೆ ಬಂದು ನಿಂತರು. ಅಲ್ಲೇ ಕಾಂಪೌಂಡಿನಲ್ಲಿ ಹಣ್ಣು ಕುಯ್ದು, ಬಾಳೆಎಲೆ ತುಂಬ ತೊಳೆ ಕಟ್ಟಿ ಅವನಿಗೆ ಕೊಟ್ಟಳು. ತಿಂದ. ಚೆನ್ನಾಗಿದೆ ಅಜ್ಜಿ ಅಂದ. ಬೀಜ ಕೂಡ ಒಂದು ಕವರಿಗೆ ಹಾಕಿಸಿಕೊಂಡ, ಸಾರಿಗೆ ಆಗುತ್ತೆ ಅಂತ. ಆಮೇಲೆ ನನ್ನ ಕಡೆ ತಿರುಗಿ ನೂರ ಐವತ್ತೂ ಇಸಕೊಂಡ.

ಗಿನ್ನೆಸ್ ದಾಖಲೆಯಲ್ಲಿರುವ ಹಲಸಿನಹಣ್ಣು ಪುಣೆಯದು, 2016ರದ್ದು, ತೂಕ 42.72 ಕೆಜಿ. ನಿಯಮದ ಪ್ರಕಾರ ಅದು ಇ-ರಿಕ್ಷಾದಲ್ಲಿ ಲಗೇಜಾಗಿ ಹೋಗುವ ಹಾಗೇ ಇಲ್ಲ. ಪ್ಯಾಸೆಂಜರ್ ಆಗಿಯೇ ಹೋಗಬೇಕು. ದೊಡ್ಡಮ್ಮನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅಷ್ಟು ದೊಡ್ಡದನ್ನು ಹುಡುಕಿ ತರುತ್ತಾಳೆ.

ಮೂರು ಚಕ್ರಕ್ಕೆ ಬ್ಯಾಟರಿ ಕಟ್ಟುವುದು ನಿನ್ನೆ ಮೊನ್ನೆಯ ಬುದ್ಧಿಯಲ್ಲ. 1881ರಲ್ಲೇ ಗುಸ್ತಾವ್ ತ್ರೂವೆ ಎನ್ನುವವನು ಪ್ಯಾರಿಸ್ಸಿನ ಬೀದಿಯಲ್ಲಿ ಕರೆಂಟಿನ ತ್ರಿಚಕ್ರ ಓಡಿಸಿ ತೋರಿಸಿದ್ದ. ಓಡಿಸಿದ, ಇಳಿದ, ಮನೆಗೆ ಹೋದ. ದೊಡ್ಡಮ್ಮ ಇಲ್ಲದ ಊರಲ್ಲಿ ಏನು ಬೇಕಾದರೂ ಕಂಡುಹಿಡಿಯಬಹುದು.

ಇದೆಲ್ಲ ಆದ ಮೇಲೆ ಕಾನೂನು ಹೇಳಿದ ಹಾಗೇ ನಡೆಯೋಣ ಅಂತ ತೀರ್ಮಾನಿಸಿದೆ. ಹಣ್ಣಿಗೆ ಬ್ಯಾಟರಿ ಲಗೇಜ್ ಆಟೋ, ನಮಗೆ ಬೇರೆ ಆಟೋ. ಎರಡು ಬಾಡಿಗೆ ಆದರೂ ಪರವಾಗಿಲ್ಲ, ಜಗಳ ಇರಲ್ಲ. ಲಗೇಜ್ ಆಟೋದವನು ಹುಡುಗ. ಹಿಂದಿನ ತೊಟ್ಟಿಯಲ್ಲಿ ಹಗ್ಗ, ಟ್ಯೂಬ್ ಕುಯ್ದು ಮಾಡಿದ ರಬ್ಬರ್ ಪಟ್ಟಿ, ಎಲ್ಲ ಇಟ್ಟುಕೊಂಡಿದ್ದ. ಹಣ್ಣನ್ನು ಮೂಲೆಗೆ ಒತ್ತಿ ಎರಡು ಸುತ್ತು ಬಿಗಿದ, ಅಲ್ಲಾಡಲಿಲ್ಲ. ಇಂಥ ಕೆಲಸ ನೋಡಿದರೆ ನನಗೆ ಮನಸ್ಸು ತಣ್ಣಗಾಗುತ್ತದೆ.

ದೊಡ್ಡಮ್ಮ ಒಪ್ಪಲಿಲ್ಲ. "ಹಣ್ಣನ್ನ ಒಂದನ್ನೇ ಕಳಿಸ್ತಾರೇನೋ ಯಾರಾದ್ರೂ? ದಾರೀಲಿ ಅವನು ಕುಯ್ಕಂಡು ತಿಂದ್ರೆ? ನೀನು ಅದರ ಜೊತೆ ಹಿಂದೆ ಕೂತ್ಕೋ. ನಾನು ಆಟೋದಾಗೆ ಬತ್ತೀನಿ."

ಹುಡುಗ ತಲೆ ಅಲ್ಲಾಡಿಸಿದ. ಲಗೇಜ್ ಗಾಡೀಲಿ ಜನ ಹತ್ತಿಸಂಗಿಲ್ಲ ಅಜ್ಜಿ, ಪೊಲೀಸ್ನೋರು ಹಿಡೀತಾರೆ ಅಂದ. ಭೇಷ್ ಅಂದುಕೊಂಡೆ, ಕಾನೂನು ಬಲ್ಲ ಹುಡುಗ. ಅವನು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. ಸುಮ್ನೆ ನೋಡಿದ್ದಲ್ಲ, ತೂಗಿದ್ದು. ಐವತ್ತು ಜಾಸ್ತಿ ಆಗುತ್ತೆ ಅಂದ.

"ಐವತ್ತಾ? ಇವನೇನು ತೂಕ ಇದಾನೆ ಅಂತ?" ಅಂದಳು ದೊಡ್ಡಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, ನನ್ನನ್ನು ಇಪ್ಪತ್ತಕ್ಕೆ ಇಳಿಸುವವರೆಗೂ ಬಿಡಲಿಲ್ಲ.