ಮತ್ರಾದಲ್ಲೂ ನಮ್ಮ ಇಸ್ವಾಣವೇ

ಮಸ್ಕತ್‌ಗೆ ಎಷ್ಟು ಸಲ ಹೋದರೂ ಮೊದಲು ಅಲ್ಲಿನ ಹಳೇ ಪೇಟೆ ಮತ್ರಾ ಸೂಕ್‌ನ ಲೋಬಾನದ ಗಲ್ಲಿಗೇ ಕಾಲು ಎಳೆಯುತ್ತದೆ ಅಂತ ಬರೆದಿದ್ದೀರಿ. ನಾನು ಕಾರವಾರದವನು, ನನ್ನ ಕಾಲು ಪಕ್ಕದ ಮೀನು ಮಾರ್ಕೆಟ್‌ಗೆ! ಅಲ್ಲಿ ‘ಕನಾದ್’ ಅಂತ ಮಾರುವುದು ನಮ್ಮ ಇಸ್ವಾಣವನ್ನೇ, ಮಂಗಳೂರಿನವರ ಅಂಜಲ್. ಊರಿನ ಅಭ್ಯಾಸ ನೋಡಿ, ಸುಮ್ನೆ ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡಿದೆ. ಮಾರುವವನು ನಕ್ಕು ಇನ್ನೊಂದನ್ನು ತಾನೇ ಎತ್ತಿ ತೋರಿಸಿದ.

ನಮ್ಮಲ್ಲಿ ಜೂನ್, ಜುಲೈ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ? ಅಲ್ಲಿ ಈ ಒಂದು ಮೀನಿಗೆ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ನಿಷೇಧ. ಒಮ್ಮೆ ಗೊತ್ತಿಲ್ಲದೆ ಸೆಪ್ಟೆಂಬರಿನಲ್ಲಿ ಹೋಗಿ, ಮೀನು ಸಾರಿನ ಹುಳಿಗೆಂದು ಊರಿಂದ ಕಟ್ಟಿಕೊಂಡು ಹೋಗಿದ್ದ ಮುರುಗಲು (ಕೋಕಂ) ಸಿಪ್ಪೆಯನ್ನು ಬೇಳೆ ಸಾರಿಗೆ ಹಾಕಿದೆ. ರೇಟು ಮಾತ್ರ ಕೇಳಬೇಡಿ. ರಿಯಾಲ್ ಲೆಕ್ಕವನ್ನು ರೂಪಾಯಿಗೆ ತಿರುಗಿಸಿದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.