ಕೈ ಮೊದಲೋ, ಮನಸ್ಸು ಮೊದಲೋ?

ನಮ್ಮ ತೀರ್ಮಾನಗಳು ನಮ್ಮ ಅರಿವಿಗೆ ಬರುವ ಮೊದಲೇ ಮೆದುಳಿನಲ್ಲಿ ಆಗಿರುತ್ತವೆಯೇ ಎಂಬ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ಮೆದುಳು ಮೊದಲೇ ತೀರ್ಮಾನಿಸಿರುತ್ತದೆ, ನಾವು ಸುಮ್ನೆ ಒಪ್ಪಿಕೊಳ್ಳುತ್ತೇವೆ ಎಂದಿರುವುದು ಸ್ವಲ್ಪ ಜಾಸ್ತಿಯಾಯಿತು. ಲೇಖಕರು ನೆಚ್ಚಿಕೊಂಡಿರುವುದು ಮೆದುಳಿನ ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗವನ್ನು. ಕೈ ಆಡಿಸಬೇಕು ಅನ್ನಿಸಿತು ಎಂದು ಜನ ಹೇಳಿದ ಕ್ಷಣಕ್ಕಿಂತ ಸುಮಾರು 350 ಮಿಲಿಸೆಕೆಂಡ್ ಮೊದಲೇ ಮೆದುಳಿನಲ್ಲಿ ವಿದ್ಯುತ್ ಚಟುವಟಿಕೆ ಶುರುವಾಗಿತ್ತು, ನಿಜ. ಆದರೆ 2012ರಲ್ಲಿ ಇನ್ನೊಬ್ಬ ಮೆದುಳಿನ ವಿಜ್ಞಾನಿ ಆರನ್ ಶರ್ಗರ್ ಅವರ ತಂಡ ಬೇರೆಯೇ ವಿವರಣೆ ಕೊಟ್ಟಿತು. ಆ ಚಟುವಟಿಕೆ ತೀರ್ಮಾನವೇ ಅಲ್ಲದಿರಬಹುದು. ಮೆದುಳಿನ ಸಹಜ ಏರಿಳಿತ ಒಂದು ಮಟ್ಟ ದಾಟಿದಾಗ ಕೈ ಆಡುತ್ತದೆ, ಅಷ್ಟೆ. ಲಿಬೆಟ್ ಕೂಡ ಕೊನೇ ಗಳಿಗೆಯಲ್ಲಿ ಬೇಡ ಎನ್ನುವ ಅವಕಾಶ ನಮಗಿದೆ ಎಂದೇ ನಂಬಿದ್ದರು. ಲೇಖನದಲ್ಲಿ ಅದೇ ಬಿಟ್ಟುಹೋಗಿದೆ!

ಅರಿವಿಗೆ ಬಾರದೆ ನಡೆಯುವ ಕೆಲಸ ನೋಡಬೇಕಿದ್ದರೆ ನಮ್ಮ ಶಿರಸಿಗೆ ಬನ್ನಿ. ಅಡಿಕೆಯನ್ನು ಚಾಲಿ, ಕೋಕಾ, ಬಿಳಿಗೋಟು ಎಂದು ದರ್ಜೆವಾರು ಬೇರೆ ಮಾಡುವ ಹೆಂಗಸರ ಕೈ ನೋಡಿ. ಮಾತೆಲ್ಲ ಯಾರದೋ ಮನೆ ಮದುವೆಯದ್ದು, ಅಡಿಕೆ ಮಾತ್ರ ಸರಿಯಾದ ಗುಡ್ಡೆಗೇ ಬೀಳುತ್ತದೆ. ಇದು ಯಾಕೆ ಕೋಕಾ ಎಂದು ಕೇಳಿದರೆ ಕೈ ನಿಲ್ಲುತ್ತದೆ, ಆಮೇಲೆ ಯೋಚಿಸಿ ಕಾರಣ ಹೇಳುತ್ತಾರೆ. ಹಾಗಂತ ಅದು ಅವರ ತೀರ್ಮಾನ ಅಲ್ಲ ಅನ್ನಲಾದೀತೇ? ವರ್ಷಗಟ್ಟಲೆ ಕಣ್ಣಿಟ್ಟು ಕಲಿತದ್ದು ಅಲ್ವಾ? ಅನುಮಾನದ ಅಡಿಕೆ ಸಿಕ್ಕರೆ ಮಾತು ನಿಲ್ಲಿಸಿ, ತಿರುಗಿಸಿ ನೋಡುತ್ತಾರೆ. ಲೇಖಕರು ಮುಂದಿನ ಸಲ ಈ ಥರದ ಕಲಿಕೆಯ ಬಗ್ಗೆ ಬರೆಯಲಿ.