72 ಗಂಟೆಯ ಮಾತ್ರೆಗೆ ‘ನಾಡಿದ್ದು ಡೆಲಿವರಿ’ ಅಂತೆ!

ಕಾಂಡೋಮ್ ಹರಿಯಿತು. ಯಾರಿಗೆ ಬೇಕಾದರೂ ಆಗಬಹುದು. ಅಂಥ ಹೊತ್ತಿಗೆ ಅಂತಲೇ ಅಲ್ವಾ ಬಸಿರಾಗದಂತೆ ತಡೆಯುವ ಆ ತುರ್ತು ಮಾತ್ರೆ ಇರುವುದು? ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಒಂದು ಮಾತ್ರೆ. 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಒಳ್ಳೆಯದು. ನಮ್ಮ ದೇಶದಲ್ಲಿ ಇದಕ್ಕೆ ಡಾಕ್ಟರ ಚೀಟಿ ಬೇಡ ಅಂತ ಆಗಿದ್ದು 2005ರಲ್ಲೇ.

ನಮ್ಮ ಬೀದಿಯ ಮೆಡಿಕಲ್ ಶಾಪಿನವರಿಗೆ ಅಪ್ಪನ ಶುಗರ್ ಎಷ್ಟು, ಅಜ್ಜಿಯ ಮಂಡಿನೋವು ಹೇಗಿದೆ, ಎಲ್ಲ ಗೊತ್ತು. ಅಲ್ಲಿ ಕೇಳಿದರೆ ಸಂಜೆಯೊಳಗೆ ಮನೆಗೆ ಸುದ್ದಿ. ಅದಕ್ಕೇ ಆ್ಯಪ್ ಅಂದುಕೊಂಡೆ.

ಆರ್ಡರ್ ಹಾಕಿದೆ. ದುಡ್ಡು ಕಟ್ ಆಗುವುದಕ್ಕೆ ಮಾತ್ರ ಸ್ವಲ್ಪವೂ ತಡವಿಲ್ಲ. ಆಮೇಲೆ ಮೆಸೇಜ್: ‘ಪ್ರಿಸ್ಕ್ರಿಪ್ಷನ್ ಅಪ್‌ಲೋಡ್ ಮಾಡಿ.’ ಎಲ್ಲಿಂದ ತರಲಿ? ಇಲ್ಲದಿದ್ದರೆ ನಮ್ಮ ಡಾಕ್ಟರೇ ಫೋನ್ ಮಾಡುತ್ತಾರೆ ಅಂದರು. ಅವರ ಫೋನ್ ಬರುವ ಹೊತ್ತಿಗೆ ನಾನು ಆಫೀಸಿನಲ್ಲಿ. ಮೆಟ್ಟಿಲ ಹತ್ತಿರ ಹೋಗಿ ಪಿಸುಪಿಸು ಮಾತಾಡಿದೆ. ಮುಟ್ಟು ಯಾವಾಗ ಆಗಿದ್ದು, ಬೇರೆ ಮಾತ್ರೆ ತಗೊಳ್ತೀರಾ ಅಂತ ಕೇಳಲಿ, ಫಿಟ್ಸ್‌ಗೋ ಟಿಬಿಗೋ ಕೊಡುವ ಕೆಲವು ಔಷಧಿ ಇದರ ಶಕ್ತಿ ಕಡಿಮೆ ಮಾಡುತ್ತದೆ. ಆದರೆ ‘ಮದುವೆ ಆಗಿದೆಯಾ ಮೇಡಂ?’ ಯಾಕೆ ಸ್ವಾಮಿ, ಮಾತ್ರೆ ತಾಳಿ ನೋಡಿ ಕೆಲಸ ಮಾಡುತ್ತಾ?

ಡೆಲಿವರಿ ಯಾವಾಗ? ‘ನಾಡಿದ್ದು, ಬೆಳಿಗ್ಗೆ 9ರಿಂದ ರಾತ್ರಿ 9ರೊಳಗೆ.’ ಇದೇನು ಹಬ್ಬದ ಸೀರೆಯಾ? ಅದೇ ಫೋನಿನಲ್ಲಿ ಕೇಳಿದರೆ ಕೊತ್ತಂಬರಿ ಸೊಪ್ಪು ಹತ್ತು ನಿಮಿಷಕ್ಕೆ ಬಂದು ಬೀಳುತ್ತದೆ! ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯ ಹುಡುಗ, ‘ಅಬಾರ್ಷನ್ ಮಾತ್ರೆ ಅಲ್ವಾ ಮೇಡಂ, ಸ್ವಲ್ಪ ಟೈಮ್ ಆಗುತ್ತೆ’ ಅಂದ. ಅಯ್ಯೋ ಪುಣ್ಯಾತ್ಮ, ಅದೇ ಬೇರೆ, ಇದೇ ಬೇರೆ. ಇದು ಅಂಡಾಣು ಹೊರಬರುವುದನ್ನು ಮುಂದಕ್ಕೆ ಹಾಕುವ ಮಾತ್ರೆ. ಆಗಲೇ ಬಸಿರಾಗಿದ್ದರೆ ಇದರಿಂದ ಏನೂ ಆಗುವುದಿಲ್ಲ. ಮಾರುವವರಿಗೇ ಇಷ್ಟು ಹೇಳಿಕೊಟ್ಟಿಲ್ಲ ಅಂದರೆ ಏನು ಹೇಳೋಣ!

ಕೊನೆಗೆ ಕೆಲಸ ಮುಗಿದ ಮೇಲೆ ಬಸ್ಸು ಹತ್ತಿ, ಯಾರೂ ಪರಿಚಯ ಇಲ್ಲದ ಏರಿಯಾಕ್ಕೆ ಹೋಗಿ ತಗೊಂಡೆ. ಅಂಗಡಿಯವನು ಮುಖ ನೋಡದೆ ಪೇಪರಿನಲ್ಲಿ ಸುತ್ತಿ ಕೊಟ್ಟ. ನೂರು ಚಿಲ್ಲರೆ ರೂಪಾಯಿ. ಬಸ್ ಸ್ಟಾಪಿನಲ್ಲೇ ನುಂಗಿದೆ.

ಇತ್ತ ಆ್ಯಪ್‌ನಲ್ಲಿ ಆರ್ಡರ್ ಕ್ಯಾನ್ಸಲ್ ಮಾಡಲು ಹೋದರೆ, ‘ಪ್ಯಾಕ್ ಆಗಿದೆ, ಆಗಲ್ಲ.’ ನಾನಿಲ್ಲದಾಗ ಪಾರ್ಸೆಲ್ ಬಂತು. ಡೆಲಿವರಿಯವನು ಎದುರುಮನೆ ಆಂಟಿ ಕೈಗೆ ಕೊಟ್ಟು ಹೋದ. ಕವರಿನ ಹೊರಗೆ ಬಿಲ್ ಅಂಟಿಸಿದ್ದಾರೆ, ಅದರಲ್ಲಿ ನನ್ನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ಮಾತ್ರೆಯ ಹೆಸರು. ಆಂಟಿ ಏನೂ ಕೇಳಲಿಲ್ಲ. ಕೊಡುವಾಗ ಬಿಲ್ ಕಡೆ ಕೆಳಗೆ ಮಾಡಿ ಕೊಟ್ಟರು. ಓದಿದ್ದಾರೆ ಅಂತ ಅದರಲ್ಲೇ ಗೊತ್ತಾಯಿತು.

ಈಗ ದಿನಾ ಬೆಳಿಗ್ಗೆ ನೋಟಿಫಿಕೇಶನ್: ‘ನಿಮ್ಮ ಔಷಧಿ ಮುಗಿಯುತ್ತಾ ಬಂತಾ? ಮತ್ತೆ ಆರ್ಡರ್ ಮಾಡಿ, 15% ರಿಯಾಯಿತಿ!’